ಖಾಲಿ ತಕ್ಕಡಿಯ ಹನ್ನೊಂದು ಮಿಲಿಮೀಟರ್

1992ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಮಂಡಿಕಲ್ ಹತ್ತಿರದ ನಮ್ಮ ಅಳತೆ ಕೋಣೆಯಲ್ಲಿ, ಏನನ್ನೂ ಕಟ್ಟದ ಖಾಲಿ ತಕ್ಕಡಿ ಹನ್ನೊಂದು ಮಿಲಿಮೀಟರ್ ತಿರುಗಿತು. ಅದು ತಿರುಗಬಾರದಿತ್ತು.

ಆಗ ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ವೈಜ್ಞಾನಿಕ ಅಧಿಕಾರಿ. ಮನೆ ಗೌರಿಬಿದನೂರಿನಲ್ಲಿ. 1986ರಿಂದ ಮಂಡಿಕಲ್ ಕೋಣೆಯ ಹೊಣೆ ನನ್ನದಾಗಿತ್ತು. ಬೆಂಗಳೂರಿನಲ್ಲಿ ಒಂದು ಲಾರಿ ಹಾದುಹೋದರೂ ನಮ್ಮ ಅಳತೆ ಕೆಡುತ್ತಿತ್ತು. ಅದಕ್ಕಾಗಿ ರೈಲು, ಹೆದ್ದಾರಿ, ಕಾರ್ಖಾನೆ ಯಾವುದೂ ಹತ್ತಿರವಿಲ್ಲದ ಜಾಗ ಹುಡುಕಿ ಅದನ್ನು ಕಟ್ಟಿದ್ದರು. ಎಂಟು ಅಡಿಗೆ ಹತ್ತಡಿ, ಕಲ್ಲಿನ ಗೋಡೆ, ಮರದ ಸೂರು, ಹಿತ್ತಾಳೆಯ ತಿರುಪು. ಕಿಟಕಿ ಇರಲಿಲ್ಲ. ಕಬ್ಬಿಣದ ಒಂದು ಮೊಳೆಯೂ ಇರಲಿಲ್ಲ.

ತಕ್ಕಡಿ ಎಂದರೆ ಅಂಗಡಿಯ ತಕ್ಕಡಿಯಲ್ಲ. ಬೆರಳುದ್ದದ ಸಣ್ಣ ಗಾಜಿನ ಕಡ್ಡಿಯನ್ನು ನಡುವಿಗೆ ಒಂದು ರೇಷ್ಮೆ ಎಳೆ ಕಟ್ಟಿ ಅಡ್ಡಲಾಗಿ ತೂಗುಬಿಡುವುದು. ಕಡ್ಡಿಯ ಒಂದು ತುದಿಗೆ ಪರೀಕ್ಷಿಸಬೇಕಾದ ವಸ್ತುವನ್ನು ಅದೇ ರೇಷ್ಮೆಯಿಂದ ಏಳೆಂಟು ಸುತ್ತು ಸುತ್ತಿ ಕಟ್ಟುವುದು. ಅಂಟು ಹಾಕುವಂತಿಲ್ಲ, ಅಂಟಿನಲ್ಲಿ ಏನಿರುತ್ತದೋ ಹೇಳಲಾಗದು. ಪಕ್ಕದ ತಾಮ್ರದ ಸುರುಳಿಗೆ ಬ್ಯಾಟರಿಯಿಂದ ವಿದ್ಯುತ್ ಹರಿಸಿದರೆ ಅದು ಕಾಂತವಾಗುತ್ತದೆ. ವಸ್ತುವಿನಲ್ಲಿ ಕಾಂತಗುಣ ಇದ್ದರೆ ಕಡ್ಡಿ ತಿರುಗುತ್ತದೆ. ಕಡ್ಡಿಯ ಮೇಲಿನ ಪುಟ್ಟ ಕನ್ನಡಿಯಿಂದ ಹೊರಟ ಬೆಳಕಿನ ಚುಕ್ಕೆ ಎದುರು ಗೋಡೆಯ ಅಳತೆಪಟ್ಟಿಯ ಮೇಲೆ ಎಷ್ಟು ಮಿಲಿಮೀಟರ್ ಸರಿಯಿತು ಎಂಬುದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಬಾಗಿಲು ಹಾಕಿದ ಮೇಲೆ ಗಾಳಿ ನಿಂತು ಕಡ್ಡಿ ಸ್ಥಿರವಾಗಲು ನಲವತ್ತು ನಿಮಿಷ ಬೇಕು. ಒಳಗಿದ್ದವನು ಅಷ್ಟು ಹೊತ್ತೂ ಕೂತಲ್ಲೇ ಕೂತಿರಬೇಕು. ನಡುವೆ ಬಾಗಿಲು ತೆಗೆದರೆ ಮೊದಲಿನಿಂದ ಶುರು.

ಬಾಗಿಲ ಹೊರಗೆ ಕಾವಲುಗಾರ ವೆಂಕಟರಾಯಪ್ಪ ಇರುತ್ತಿದ್ದರು. ಹಳೆಯ ರೇಡಿಯೋ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿಕೊಂಡಿದ್ದರು. ಯಾರು ಬಂದರೂ ಅದನ್ನು ಮೈಯ ಮೇಲೆಲ್ಲ ಆಡಿಸಿ, ಅದು ವಾಲಿದ ಕಡೆ ಬೆರಳು ತೋರಿಸುತ್ತಿದ್ದರು. ಗಡಿಯಾರ, ಬೀಗದಕೈ, ಬೆಲ್ಟು, ಹೇರ್‌ಪಿನ್ನು ಹೊರಗಿನ ಚಪ್ಪಡಿಯ ಮೇಲೆ ಉಳಿಯುತ್ತಿದ್ದವು. ನಮ್ಮ ವಿಭಾಗದ ಮುಖ್ಯಸ್ಥರು ಮೊದಲ ಸಲ ಬಂದಾಗ ಪ್ಯಾಂಟಿನ ಜಿಪ್ಪಿನ ಮುಂದೆ ಆಯಸ್ಕಾಂತ ಅಲ್ಲಾಡಿತು. ವೆಂಕಟರಾಯಪ್ಪನವರು ತಮ್ಮ ಪಂಚೆ ತಂದುಕೊಟ್ಟರು.

"ದೇವಸ್ಥಾನದಾಗೆ ಚಪ್ಪಲಿ ಬಿಟ್ರೆ ಸಾಕು ಸಾರ್. ಈ ದೇವ್ರು ಪ್ಯಾಂಟೂ ಕೇಳ್ತಾನೆ. ಏಂ ಮಾಡೋದು."

ತ್ರೀ ಫೇಸ್ ಕರೆಂಟು ಬಂದರೆ ಸುತ್ತಲಿನ ಬೋರ್‌ವೆಲ್ ಪಂಪುಗಳು ಒಟ್ಟಿಗೆ ಶುರುವಾಗಿ ಚುಕ್ಕೆ ಕುಣಿಯುತ್ತಿತ್ತು. ಹಾಗಾಗಿ ಅದು ಇಲ್ಲದ ಹೊತ್ತಿನಲ್ಲೇ ಅಳತೆ. "ಊರೋರೆಲ್ಲಾ ಕರೆಂಟು ಬರ್ಲಿ ಅಂತಾರೆ, ಹೋಗ್ಲಿ ಅನ್ನೋರು ನಾವಿಬ್ರೇ" ಎನ್ನುತ್ತಿದ್ದರು ವೆಂಕಟರಾಯಪ್ಪ.

1990ರಲ್ಲಿ ನಾವು ಚಿನ್ನವನ್ನು ಅಳೆಯಲು ಆರಂಭಿಸಿದೆವು. ಚಿನ್ನಕ್ಕೆ ಕಾಂತಗುಣವಿಲ್ಲ, ಕಾಂತದಿಂದ ತೀರಾ ಅಲ್ಪವಾಗಿ ದೂರ ಸರಿಯುತ್ತದೆ ಅಷ್ಟೆ. ಆದರೆ ಯಾವುದೇ ಲೋಹವನ್ನು ಕೆಲವೇ ನ್ಯಾನೋಮೀಟರ್ ಗಾತ್ರಕ್ಕೆ, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ನಾಲ್ಕೈದು ಭಾಗದಷ್ಟಕ್ಕೆ ಇಳಿಸಿದರೆ, ಅದರ ಗುಣಗಳು ಬದಲಾಗಬಹುದು. ನಮ್ಮ ಚಿನ್ನದ ಪುಡಿಯ ಕಣಗಳು ಆ ಗಾತ್ರದವು. ಆ ವರ್ಷದ ನವೆಂಬರಿನಲ್ಲಿ ತಕ್ಕಡಿ ತಿರುಗಿತು. ಹನ್ನೆರಡು ಮಿಲಿಮೀಟರ್, ಕಾಂತದ ಕಡೆಗೆ. ಮತ್ತೆ ಮತ್ತೆ ಅಳೆದೆ. ಹನ್ನೊಂದಕ್ಕೆ ಕಡಿಮೆ ಇಲ್ಲ, ಹದಿಮೂರಕ್ಕೆ ಹೆಚ್ಚಿಲ್ಲ. ಮುಖ್ಯಸ್ಥರು ಅಳತೆಯ ಪುಸ್ತಕವನ್ನು ಎರಡು ಸಲ ಓದಿ ನನ್ನ ಕೈ ಕುಲುಕಿದರು. 1991ರ ಅಕ್ಟೋಬರಿನಲ್ಲಿ ಪ್ರಬಂಧ ಒಂದು ವಿದೇಶೀ ಪತ್ರಿಕೆಗೆ ಹೋಯಿತು. ಮೊದಲ ಹೆಸರು ಅವರದು, ಎರಡನೆಯದು ನನ್ನದು. ಮರುವರ್ಷದ ಏಪ್ರಿಲಿನಲ್ಲಿ ಯುರೋಪಿನ ಸಮ್ಮೇಳನವೊಂದರಲ್ಲಿ ಅವರು ಅದನ್ನು ಮಂಡಿಸುವುದೆಂದು ಗೊತ್ತಾಯಿತು.

ಒಂದೇ ಒಂದು ಅಳತೆ ಇದಕ್ಕೆ ಒಪ್ಪಲಿಲ್ಲ. ಅದು ಶಾಹಿದಾ ಮಾಡಿದ್ದು.

ಶಾಹಿದಾ ಶಿಡ್ಲಘಟ್ಟದವರು, ನಮ್ಮ ವಿಭಾಗದಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ತಂದೆ ರೀಲರ್, ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವವರು. ಅದೇ ಚಿನ್ನದ ಕಣಗಳನ್ನು ಗಾಜಿನ ಮೇಲೆ ತೆಳು ಪದರವಾಗಿ ಹರಡಿ, ದ್ರವ ಹೀಲಿಯಂನಲ್ಲಿ ತಣಿಸಿ, ಕಾಂತದ ನಡುವೆ ಅದರ ವಿದ್ಯುತ್ ರೋಧ ಎಷ್ಟು ಬದಲಾಗುತ್ತದೆ ಎಂದು ಅವರು ಅಳೆಯುತ್ತಿದ್ದರು. ಕ್ವಾಂಟಮ್ ಸಾಗಣೆ ಎಂದು ಇದಕ್ಕೆ ಹೆಸರು. ಅವರೇ ನನಗೊಮ್ಮೆ ವಿವರಿಸಿದ ರೀತಿ ಹೀಗೆ: ಶಿಡ್ಲಘಟ್ಟದ ಗಲ್ಲಿಗಳಲ್ಲಿ ಒಬ್ಬ ಮನೆಯಿಂದ ಹೊರಟು ಸುತ್ತು ಹಾಕಿ ಮನೆಗೇ ಮರಳುತ್ತಾನೆ ಎಂದುಕೊಳ್ಳಿ. ಎಡಗಡೆಯಿಂದಲೂ ಸುತ್ತಬಹುದು, ಬಲಗಡೆಯಿಂದಲೂ ಸುತ್ತಬಹುದು. ಎಲೆಕ್ಟ್ರಾನು ಅಲೆಯಂತೆ ಎರಡೂ ಕಡೆಯಿಂದ ಒಟ್ಟಿಗೆ ಹೋಗಿ ಬಂದು ಮನೆಯಲ್ಲಿ ತನ್ನನ್ನೇ ಕೂಡಿಕೊಳ್ಳುತ್ತದೆ. ಆ ಕೂಡಿಕೆಯ ಗುರುತು ರೋಧದಲ್ಲಿ ಕಾಣುತ್ತದೆ. ದಾರಿಯಲ್ಲಿ ಎಲ್ಲಾದರೂ ಒಂದು ಸಣ್ಣ ಆಯಸ್ಕಾಂತ ಕೂತಿದ್ದರೆ ಎರಡು ಅಲೆಗಳ ಹೆಜ್ಜೆ ತಪ್ಪಿ ಗುರುತು ಅಳಿಸಿಹೋಗುತ್ತದೆ.

ಅವರ ಪದರದಲ್ಲಿ ಗುರುತು ಅಚ್ಚುಕಟ್ಟಾಗಿ ಇತ್ತು. ಅಂದರೆ ಚಿನ್ನದಲ್ಲಿ ಕಾಂತಗುಣ ಇರಲಿಲ್ಲ.

ಎರಡರಲ್ಲಿ ಒಂದು ತಪ್ಪು. ನನ್ನದಕ್ಕೆ ಪ್ರಬಂಧ ಸಿದ್ಧವಾಗುತ್ತಿತ್ತು, ಅವರದು ನೋಟ್‌ಬುಕ್ಕಿನಲ್ಲಿತ್ತು. ತಪ್ಪು ಅವರದೆಂದು ತೀರ್ಮಾನವಾಯಿತು. ಪದರ ಮತ್ತೆ ಮಾಡಿ ಎಂದರು, ಮಾಡಿದರು. ತಂತಿ ಬದಲಿಸಿ ಎಂದರು, ಬದಲಿಸಿದರು. ಹದಿನಾಲ್ಕು ತಿಂಗಳು ಹೀಗೆ ನಡೆಯಿತು. 1992ರ ಜನವರಿಯಲ್ಲಿ ಅವರಿಗೆ ಪತ್ರ ಬಂತು: ಫೆಬ್ರವರಿ 14ರ ಪರಿಶೀಲನಾ ಸಭೆಯೊಳಗೆ ಅಳತೆಯ ದೋಷವನ್ನು ಕಂಡುಹಿಡಿದು ವಿವರಿಸದಿದ್ದರೆ ಫೆಲೋಶಿಪ್ ಮಾರ್ಚ್ ಕೊನೆಗೆ ಮುಗಿಯುತ್ತದೆ, ನೋಂದಣಿ ರದ್ದಾಗುತ್ತದೆ. ಇಲ್ಲದ ದೋಷವನ್ನು ಅವರು ಹುಡುಕಿಕೊಡಬೇಕಿತ್ತು.

ಆ ಪತ್ರ ಬಂದ ದಿನ ಅವರು ನನ್ನ ಮೇಜಿನ ಎದುರು ಬಂದು ನಿಂತರು.

"ಸಾರ್, ಒಂದು ಕೇಳ್ಲಾ? ನೀವು ಇಪ್ಪತ್ತು ಮಿಲಿಗ್ರಾಂ ಪುಡಿ ಕಟ್ದಾಗ ಹನ್ನೆರಡು ಮಿಲಿಮೀಟರ್ ಬಂತು. ನಲವತ್ತು ಕಟ್ದಾಗ್ಲೂ ಹನ್ನೆರಡೇ. ಸಾಮಾನು ಡಬಲ್ ಆದ್ರೆ ತಿರುಗೋದು ಡಬಲ್ ಆಗ್ಬೇಕಲ್ವಾ?"

"ಕಣಗಳು ಒಂದಕ್ಕೊಂದು ಅಂಟ್ಕೊಂಡು ಹೊರಗಿನವು ಮಾತ್ರ ಕೆಲಸ ಮಾಡ್ತವೆ" ಎಂದೆ. ಪ್ರಬಂಧದಲ್ಲೂ ಹಾಗೇ ಬರೆದಿದ್ದೆವು.

"ಹೊರಗಿನವು ಪ್ರತಿ ಸಲಾನೂ ಲೆಕ್ಕ ಹಾಕ್ಕೊಂಡು ಅಷ್ಟೇ ಇರ್ತವಾ ಸಾರ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೀಲಿಯಂ ಪಾತ್ರೆಯ ಕಡೆ ಹೋದರು.

ಫೆಬ್ರವರಿ 8ರ ಶನಿವಾರ, ಕೊನೆಯದಾಗಿ ಇನ್ನೊಮ್ಮೆ ಚಿನ್ನವನ್ನು ಅಳೆದುಬಿಡೋಣ ಎಂದು ಹೊಸದಾಗಿ ಕಟ್ಟುವಾಗ ಎಳೆ ತುಂಡಾಯಿತು. ನೂಲಿನ ಸುರುಳಿಯಲ್ಲಿ ಉಳಿದದ್ದು ಗೇಣುದ್ದ. ನಮ್ಮ ರೇಷ್ಮೆ ಬರುತ್ತಿದ್ದದ್ದು ಶಾಹಿದಾ ಮನೆಯಿಂದ. ಅವರು ಬೆಂಗಳೂರಿನಲ್ಲಿ ಕೊನೆಯ ಸಲ ಪದರ ತಣಿಸುತ್ತಿದ್ದರು. ಹಾಗಾಗಿ ಸೋಮವಾರ ನಾನೇ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಮೂರು ವರ್ಷ ಆ ನೂಲನ್ನು ನಂಬಿ ಕೆಲಸ ಮಾಡಿದ್ದೆ. ಅದು ಬರುವ ಮನೆಯನ್ನು ನೋಡಿದ್ದು ಅಂದೇ ಮೊದಲು.

ಅವರ ತಂದೆ ಅನ್ವರ್ ಬಾಷಾ ಮನೆಯ ಹಿಂದಿನ ಶೆಡ್ಡಿನಲ್ಲಿದ್ದರು. ಎರಡು ಚರಕ, ಬಿಸಿನೀರಿನಲ್ಲಿ ಗೂಡು ತೇಲುವ ಎರಡು ಬಾಣಲೆ. ಬೆಂದ ಗೂಡಿನ ವಾಸನೆ ಬೀದಿಯ ತನಕ ಇತ್ತು. ನಾನು ಯಾರೆಂದು ಹೇಳಿದ ಕೂಡಲೇ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಸ್ಟೂಲು ಎಳೆದರು.

"ಬನ್ನಿ ಸಾರ್, ಕೂತ್ಕಳಿ. ಲ್ಯಾಬಿನ ಸಾರು ನಮ್ಮನೆಗೆ! ಬೇಟಿ ಹೇಳೇ ಇಲ್ಲ. ಅವಳ ಓದು ಈ ಸಲ ಮುಗೀತದಲ್ವಾ ಸಾರ್?"

"ಮುಗಿಯುತ್ತೆ" ಎಂದೆ. ಆ ಮಾತು ಯಾವ ಆಧಾರದ ಮೇಲೆ ಹೇಳಿದೆನೋ ತಿಳಿಯದು.

ನೂಲು ಬೇಕೆಂದೆ. ಅವರು ಒಳಗಿನಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಪುಟ್ಟ ಸುರುಳಿ ತಂದರು. "ಇದು ಮಾರೋದಲ್ಲ ಸಾರ್, ನಿಮಗೇ ಅಂತ ಎಳೆದಿಟ್ಟಿರೋದು. ಒಂದು ಗೂಡಿನ ಒಂದೇ ಎಳೆ. ಗಂಟು ತೋರ್ಸಿ ನೋಡಣ."

ಬೆರಳಲ್ಲಿ ಎಳೆದು ನೋಡಿದೆ. ನಿಜಕ್ಕೂ ಒಂದು ಗಂಟೂ ಇರಲಿಲ್ಲ.

"ಮೊದಲ್ನೇ ವರ್ಷ ಶಾಹಿದಾನೇ ಕೈಯಾಗೆ ಎಳ್ದು ಕೊಟ್ಟಿದ್ಳು. ಚೊಂಬಿನ ನೀರಾಗೆ ಗೂಡು ನೆನಸ್ಕೊಂಡು. ನಾನು ನೋಡ್ದೆ, ಥೂ, ಕಸ ಕಸ. ಇಂಥದು ಕೊಟ್ರೆ ನಮ್ಮ ಮರ್ಯಾದೆ ಏನಾಗ್ಬೇಕು ಸಾರ್? ಆಮ್ಯಾಕೆ ನಾನೇ ಕೂತು ಎಳೀತೀನಿ." ಅವರು ಚರಕದ ಮುಂದಿನ ಒಂದು ಪಟ್ಟಿಯ ಮೇಲೆ ಕೈಯಿಟ್ಟರು. ಉದ್ದಕ್ಕೂ ಸಣ್ಣ ತೂತುಗಳು. ಎಳೆ ಅದರೊಳಗಿಂದ ಹಾದು ಬರುವಾಗ ಗಂಟು, ಕಸ ಹಿಂದೆ ಉಳಿಯುತ್ತದೆ. "ಮಾರೋ ನೂಲು ಇದ್ರಾಗೆ ಒಂದು ಸಲ ಎಳೀತೀವಿ. ನಿಮ್ದು ಮೂರು ಸಲ."

ಪಟ್ಟಿ ಕಬ್ಬಿಣದ್ದು. ಅವರಿಗೂ ಮೊದಲು ಅವರ ತಂದೆ ಬಳಸಿದ್ದು. ತೂತುಗಳ ಅಂಚು ನೂಲಿನ ಉಜ್ಜಾಟಕ್ಕೆ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು, ಸುತ್ತ ಕೆಂಪು ತುಕ್ಕು. ಸವೆದ ಕಬ್ಬಿಣ ಎಲ್ಲಿ ಹೋಯಿತೆಂದು ನಾನು ಅವರನ್ನು ಕೇಳಲಿಲ್ಲ. ಆರು ವರ್ಷಗಳಲ್ಲಿ ಕಬ್ಬಿಣ ಕೂಡದೆಂದು ಕೋಣೆಗೆ ಬಂದ ಪ್ರತಿಯೊಬ್ಬರಿಗೂ ಹೇಳಿದ್ದೆವು. ನೂಲು ಎಳೆಯುವವರಿಗೆ ಯಾರೂ ಹೇಳಿರಲಿಲ್ಲ.

ಚಹಾ ತರಿಸಿದರು. ಕುಡಿದೆ. ಸುರುಳಿಯ ಜೊತೆಗೆ ಎರಡು ಗೂಡುಗಳನ್ನು ಕೇಳಿ ತೆಗೆದುಕೊಂಡೆ. "ಗೂಡು ಯಾಕೆ ಸಾರ್? ನೀವೂ ಚರಕ ಹಾಕ್ತೀರಾ?" ಎಂದು ನಕ್ಕು, ಬಸ್ ಸ್ಟ್ಯಾಂಡಿನ ತನಕ ಬಂದು ಹತ್ತಿಸಿದರು.

ಮಾರನೆಯ ದಿನ, ಮಂಗಳವಾರ, ಹತ್ತು ಗಂಟೆ ಐದು ನಿಮಿಷಕ್ಕೆ ಕೋಣೆಯ ಬಾಗಿಲು ಹಾಕಿಕೊಂಡೆ. ಕಡ್ಡಿಯ ತುದಿಗೆ ಬಾಷಾ ಅವರ ನೂಲನ್ನು ಎಂಟು ಸುತ್ತು ಸುತ್ತಿದ್ದೆ. ಚಿನ್ನ ಇಟ್ಟಿರಲಿಲ್ಲ. ನಮ್ಮ ಕೆಲಸದಲ್ಲಿ ಇದಕ್ಕೆ ಬ್ಲಾಂಕ್ ಟೆಸ್ಟ್ ಎನ್ನುತ್ತಾರೆ, ಅಂದರೆ ವಸ್ತುವೇ ಇಲ್ಲದ ಅಳತೆ. ಅದು ಸೊನ್ನೆ ಬಂದರೆ ಮಾತ್ರ ಉಳಿದದ್ದೆಲ್ಲ ನಿಜ. ಅಳತೆಯ ಪುಸ್ತಕದಲ್ಲಿ ಬ್ಲಾಂಕ್ ಟೆಸ್ಟ್ ಇತ್ತು. ಸೊನ್ನೆಯೂ ಇತ್ತು. ಅದರ ಪಕ್ಕ ಬರೆದಿದ್ದ ತಿಂಗಳು 1989ರ ಜೂನ್. ಶಾಹಿದಾ ಚೊಂಬಿನ ನೀರಿನಲ್ಲಿ ನೆನೆಸಿ ಕೈಯಲ್ಲಿ ಎಳೆದ ನೂಲಿನ ಕಾಲ. 1990ರಲ್ಲಿ ಹೊಸ ಸುರುಳಿ ಬಂದಾಗ ಅದನ್ನು ನಾನು ಮತ್ತೆ ಮಾಡಿರಲಿಲ್ಲ. ರೇಷ್ಮೆ ರೇಷ್ಮೆಯೇ ಎಂದುಕೊಂಡಿದ್ದೆ.

ನಲವತ್ತು ನಿಮಿಷ ಅಲುಗಾಡುವಂತಿರಲಿಲ್ಲ. ಕೋಣೆಯಲ್ಲಿ ಚುಕ್ಕೆಯ ಬೆಳಕು ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಬೆವರು ಕತ್ತಿನಿಂದ ಇಳಿಯುತ್ತಿತ್ತು, ಒರೆಸಲು ಕೈಯೆತ್ತಿದರೆ ಗಾಳಿ ಆಡುತ್ತದೆ. ಮೊದಲ ಹತ್ತು ನಿಮಿಷ ಸೊನ್ನೆ ಬರಲಿ ಎಂದುಕೊಂಡೆ. ಆಮೇಲೆ ಸೊನ್ನೆ ಬಂದರೆ ಶಾಹಿದಾಗೆ ಏನಾಗುತ್ತದೆ ಎಂಬುದು ಹೊಳೆದು, ಹಾಗೆ ಅಂದುಕೊಳ್ಳುವುದನ್ನು ನಿಲ್ಲಿಸಿದೆ. ಹತ್ತೂಮುಕ್ಕಾಲಿಗೆ ಸುರುಳಿಗೆ ವಿದ್ಯುತ್ ಬಿಟ್ಟೆ. ಚುಕ್ಕೆ ಹನ್ನೊಂದು ಮಿಲಿಮೀಟರ್ ಸರಿದು ನಿಂತಿತು. ನಿಲ್ಲಿಸಿದೆ, ಸೊನ್ನೆಗೆ ಮರಳಿತು. ಬಿಟ್ಟೆ, ಹನ್ನೊಂದು. ಮೂರನೆಯ ಸಲವೂ ಹನ್ನೊಂದು. ಹೊರಗೆ ವೆಂಕಟರಾಯಪ್ಪನವರು ಬಾಗಿಲು ತಟ್ಟಿ, "ಸಾರ್, ತ್ರೀ ಫೇಸ್ ಬಂತು!" ಎಂದು ಕೂಗಿದರು. ಚುಕ್ಕೆ ಕುಣಿಯತೊಡಗಿತು.

ಬುಧವಾರ ಬೆಳಿಗ್ಗೆ ನಾನೇ ಹಿತ್ತಾಳೆ ಲೋಟದಲ್ಲಿ ಗೂಡು ನೆನೆಸಿ ಕೈಯಲ್ಲಿ ಎಳೆ ತೆಗೆದೆ. ಅದಕ್ಕೆ ಸೊನ್ನೆ ಬಂತು. ಅದೇ ಎಳೆಯಿಂದ ಚಿನ್ನ ಕಟ್ಟಿದೆ. ಚುಕ್ಕೆ ಕಾಂತದಿಂದ ದೂರಕ್ಕೆ, ಮಿಲಿಮೀಟರಿನ ಅರ್ಧದಷ್ಟು ಸರಿಯಿತು. ಚಿನ್ನ ಯಾವಾಗಲೂ ಮಾಡುವುದು ಅದನ್ನೇ. ಎಂಟು ಸುತ್ತು ನೂಲಿನಲ್ಲಿ ಅಂಟಿದ್ದ ಕಬ್ಬಿಣ ಒಂದು ಗ್ರಾಂನ ಕೋಟಿಯ ಒಂದು ಪಾಲಿನಷ್ಟು ಇರಬಹುದೆಂದು ಲೆಕ್ಕ ಸಿಕ್ಕಿತು.

ಗುರುವಾರ ಬೆಳಿಗ್ಗೆ ಮುಖ್ಯಸ್ಥರ ಕೊಠಡಿಗೆ ಹೋದೆ. ಪೂರ್ತಿ ಕೇಳಿಸಿಕೊಂಡರು.

"ಆ ನೂಲಿಗೆ ಬ್ಲಾಂಕ್ ಟೆಸ್ಟ್ ಮಾಡಿರಲಿಲ್ವಾ?"

"ಇಲ್ಲ ಸಾರ್."

"ಪ್ರಬಂಧದಲ್ಲಿ ಮಾಡಿದೀವಿ ಅಂತ ಇದೆಯಲ್ಲ?"

"ಅದು ಹಳೇ ನೂಲಿಂದು ಸಾರ್. ಬರೆದಿದ್ದು ನಾನೇ."

ಅವರು ಎದ್ದು ಕಿಟಕಿಯ ಬಳಿ ನಿಂತರು. "ಏಪ್ರಿಲಿನ ಸಮ್ಮೇಳನ ಮುಗೀಲಿ. ಎರಡೇ ದಿನದ ಅಳತೆ ಇದು, ನೀವೂ ದಣಿದಿದ್ದೀರಿ. ನಿಧಾನವಾಗಿ ಮತ್ತೆ ಮಾಡಿ." ನನ್ನ ಕಡೆ ತಿರುಗಿ, "ಆಮೇಲೆ, ನೂಲು ಕೊಟ್ಟಿದ್ದು ಆ ಹುಡುಗಿ ಮನೆಯವರು. ಸಭೆಯಲ್ಲಿ ಇದನ್ನ ಹೇಳಿದ್ರೆ ಜನ ಏನಂತಾರೆ ಯೋಚಿಸಿದ್ದೀರಾ? ತನ್ನ ಅಳತೆ ಉಳಿಸ್ಕೊಳ್ಳೋಕೆ ನಮ್ಮದನ್ನ ಕೆಡಿಸಿದ್ಲು ಅಂತಾರೆ. ಅವಳಿಗೇ ತೊಂದರೆ" ಎಂದರು.

ಹೇಳದಿದ್ದರೆ ಶಾಹಿದಾ ನೋಂದಣಿ ಹೋಗುತ್ತದೆ. ಹೇಳಿದರೆ ಅವರ ಮೇಲೆ, ಅವರ ತಂದೆಯ ಮೇಲೆ ಮಾತು ಬರುತ್ತದೆ. ಆ ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವರಿಗೇ ಎಲ್ಲವನ್ನೂ ತಿಳಿಸಿದೆ. ನಾಳೆ ಏನು ಮಾಡಬೇಕೆಂದು ನಿರ್ಧರಿಸುವ ಹಕ್ಕು ಅವರಿಗೂ ಇತ್ತು.

ಅವರು ಮೊದಲು ಕೇಳಿದ್ದು ನಾನು ನಿರೀಕ್ಷಿಸದ ಪ್ರಶ್ನೆ, ತಂದೆಯ ಬಗ್ಗೆ.

"ಅಬ್ಬಾ ಮೂರು ಸಲ ಎಳೀತಿದ್ರಾ ಸಾರ್?"

"ಹೌದು."

"ಒಂದೇ ಸಲ ಎಳ್ದಿದ್ರೆ ಎಷ್ಟು ಬರ್ತಿತ್ತು ಸಾರ್? ನಾಲ್ಕು ಮಿಲಿಮೀಟರ್? ಅಷ್ಟಕ್ಕೆ ನೀವು ಪೇಪರ್ ಬರೀತಾನೇ ಇರ್ಲಿಲ್ಲ." ನಕ್ಕರು, ಕೂಡಲೇ ನಿಲ್ಲಿಸಿದರು. "ನನ್ನ ಹದಿನಾಲ್ಕು ತಿಂಗಳು ಹೋಯ್ತಲ್ಲ ಸಾರ್. ಪ್ರತಿ ವಾರ ಊರಿಗೆ ಹೋದಾಗ ಆ ಕಬ್ಬಿಣದ ಪಟ್ಟಿ ಪಕ್ಕದಲ್ಲೇ ಕೂತು ಊಟ ಮಾಡಿದ್ದೀನಿ. ನನಗೂ ಹೊಳೀಲಿಲ್ಲ."

"ನಾಳೆ ನಾನು ಹೇಳ್ತೀನಮ್ಮ. ಜನ ನಿಮ್ಮ ಮನೆಯವರ ಮೇಲೆ ಏನಾದ್ರೂ ಅನ್ನಬಹುದು."

"ಹೇಳಿ ಸಾರ್. ಆದ್ರೆ ನೂಲು ಕೆಟ್ಟದು ಅಂತ ಹೇಳ್ಬೇಡಿ. ಅದು ಅಬ್ಬಾ ಎಳೆದಿರೋದ್ರಲ್ಲೇ ಒಳ್ಳೇ ನೂಲು."

ಶುಕ್ರವಾರ, ಫೆಬ್ರವರಿ 14ರ ಸಭೆ ಹನ್ನೊಂದೂವರೆಗೆ ಶುರುವಾಯಿತು. ಐದು ಮಂದಿ ಸದಸ್ಯರು. ಶಾಹಿದಾ ತಮ್ಮ ಅಳತೆಯಲ್ಲಿ ದೋಷ ಸಿಗಲಿಲ್ಲ ಎಂದು ಹೇಳಿ ಕೂತರು. ಮುಖ್ಯಸ್ಥರು ನಡವಳಿ ಬರೆಸಲು ಆರಂಭಿಸಿದಾಗ ನಾನು ಎದ್ದೆ. ಬರೆದುಕೊಂಡು ಹೋಗಿದ್ದ ಚೀಟಿಯನ್ನು ಓದಿದೆ: 1990ರ ನಂತರದ ನಮ್ಮ ಕಾಂತೀಯ ಅಳತೆಗಳೆಲ್ಲವೂ ನೂಲಿಗೆ ಅಂಟಿದ ಕಬ್ಬಿಣದ ಅಳತೆಗಳು. ನೂಲು ಬದಲಾದಾಗ ಬ್ಲಾಂಕ್ ಟೆಸ್ಟ್ ಮಾಡದೆ ಇದ್ದದ್ದು ನಾನು, ಕಬ್ಬಿಣ ತಾಗಬಾರದೆಂದು ನೂಲು ಎಳೆಯುವವರಿಗೆ ತಿಳಿಸದೆ ಇದ್ದದ್ದೂ ನಾನು. ಶಾಹಿದಾ ಅವರ ಅಳತೆ ಸರಿಯಾಗಿದೆ.

ಸದಸ್ಯರೊಬ್ಬರು, "ನೂಲು ಎಲ್ಲಿಂದ ಬರ್ತಿತ್ತು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಶಾಹಿದಾ, "ನಮ್ಮನೆಯಿಂದ ಸಾರ್" ಎಂದರು.

ಕೇಳಿದವರು ನನ್ನ ಅಳತೆಯ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. 1989ರ ಪುಟ, ಆಮೇಲೆ ಮಂಗಳವಾರದ ಪುಟ, ಮತ್ತೆ 1989ರ ಪುಟ. ಇಪ್ಪತ್ತು ನಿಮಿಷ ಹಿಡಿಯಿತು. ಆ ಕೊಠಡಿಗೆ ಕಿಟಕಿಗಳಿದ್ದವು, ಆದರೂ ನನಗೆ ಮಂಡಿಕಲ್ ಕೋಣೆಯಲ್ಲಿ ಕೂತಂತೆಯೇ ಇತ್ತು. ಕೊನೆಗೆ ಅವರು ಪುಸ್ತಕ ಮುಚ್ಚಿ ಮುಖ್ಯಸ್ಥರಿಗೆ, "ಪ್ರಬಂಧ ವಾಪಸ್ ತಗೊಳ್ಳಿ" ಎಂದರು.

ಪ್ರಬಂಧವನ್ನು ಅದೇ ತಿಂಗಳು ಹಿಂದಕ್ಕೆ ಪಡೆಯಲಾಯಿತು. ಮುಖ್ಯಸ್ಥರು ಏಪ್ರಿಲಿನಲ್ಲಿ ಯುರೋಪಿಗೆ ಹೋಗಲಿಲ್ಲ. ಮೇ ತಿಂಗಳಲ್ಲಿ ನನ್ನನ್ನು ಮಂಡಿಕಲ್ ಕೋಣೆಯಿಂದ ಬಿಡಿಸಿ ಸಂಸ್ಥೆಯ ಉಗ್ರಾಣಕ್ಕೆ ಹಾಕಿದರು. ಅಲ್ಲಿ ನಾಲ್ಕು ವರ್ಷ ಇದ್ದೆ. ಶಾಹಿದಾ 1993ರಲ್ಲಿ ಪ್ರೌಢಪ್ರಬಂಧ ಸಲ್ಲಿಸಿದರು. ಚಿನ್ನದ ನ್ಯಾನೋಮೀಟರ್ ಕಣಗಳಲ್ಲಿ ಕಾಂತಗುಣದ ಗುರುತು ಕಾಣಲಿಲ್ಲ ಎಂಬುದು ಅದರ ಮುಖ್ಯ ಅಧ್ಯಾಯ. ಮರುವರ್ಷ ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಅಧ್ಯಾಪಕಿಯಾದರು.

ನೂಲಿನ ಸಂಗತಿ ಅವರ ತಂದೆಗೆ ತಿಳಿಯದಂತೆ ನಾವಿಬ್ಬರೂ ಎಚ್ಚರ ವಹಿಸಿದ್ದೆವು. ಹೇಗೋ ತಿಳಿಯಿತು. 1996ರಲ್ಲಿ ಮಂಡಿಕಲ್ ಕೋಣೆಯನ್ನು ಮುಚ್ಚುವ ಆದೇಶ ಬಂದು, ಸಾಮಾನಿನ ಪಟ್ಟಿ ಮಾಡಲು ನನ್ನನ್ನು ಕಳಿಸಿದರು. ವೆಂಕಟರಾಯಪ್ಪನವರು ಆಯಸ್ಕಾಂತ ಆಡಿಸಿ ಒಳಗೆ ಬಿಟ್ಟರು. ಪಟ್ಟಿ ಮುಗಿಯುವ ಹೊತ್ತಿಗೆ ಹೊರಗೆ ಬಾಷಾ ಅವರ ದನಿ ಕೇಳಿಸಿತು. ಕೋಣೆ ಮುಚ್ಚುವ ವಿಷಯ ಮಗಳಿಂದ ತಿಳಿದು ಶಿಡ್ಲಘಟ್ಟದಿಂದ ಎರಡು ಬಸ್ಸು ಹಿಡಿದು ಬಂದಿದ್ದರು. ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಸುರುಳಿ.

"ಚರಕದ ಪಟ್ಟಿ ಹಿತ್ತಾಳೆದು ಮಾಡ್ಸಿದೀನಿ ಸಾರ್, ನಿಮ್ಮ ಲ್ಯಾಬಿಗೆ ಅಂತಾನೇ. ನಾಲ್ಕು ವರ್ಷ ಆಯ್ತು, ಯಾರೂ ಕೇಳ್ಕೊಂಡು ಬರ್ಲಿಲ್ಲ. ಇವತ್ತು ನೋಡ್ಬಿಡಿ."

"ಬೀಡಿ ಬೆಂಕಿಪೊಟ್ಣ ಇಲ್ಲಿಡಪ್ಪ, ಒಳಾಗೆ ತಗೊಂಡೋಗಂಗಿಲ್ಲ" ಎಂದರು ವೆಂಕಟರಾಯಪ್ಪ.

ಬಾಗಿಲು ಹಾಕಿಕೊಂಡು ನಲವತ್ತು ನಿಮಿಷ ನಾವಿಬ್ಬರೂ ಅಲುಗಾಡದೆ ಕೂತೆವು. ಆ ಕೋಣೆಯ ಅಳತೆಯ ಪುಸ್ತಕದ ಕೊನೆಯ ದಾಖಲೆ ಅಂದಿನದು: ಬ್ಲಾಂಕ್ ಟೆಸ್ಟ್, ಹಿತ್ತಾಳೆ ಪಟ್ಟಿಯಲ್ಲಿ ಮೂರು ಸಲ ಎಳೆದ ನೂಲು, ಎಂಟು ಸುತ್ತು, ಸೊನ್ನೆ ಮಿಲಿಮೀಟರ್. ಕೆಳಗೆ ನನ್ನ ಸಹಿ, ಅದರ ಪಕ್ಕದಲ್ಲಿ ಉರ್ದುವಿನಲ್ಲಿ ಬಾಷಾ ಅವರ ಸಹಿ ಇದೆ.